ಗ್ಲುಟೆನ್ ಇಲ್ಲದ ಊಟಕ್ಕೆ ಹೊರಳುವವರಿಗೆ: ರಕ್ತಪರೀಕ್ಷೆಯಿಂದ ಬ್ರೆಡ್‌ವರೆಗೆ

ಗೋಧಿಯಂಥ ಕೆಲವು ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನನ್ನು ಬಿಡಬೇಕೆಂದು ಮನಸ್ಸು ಮಾಡಿದವರು ಮೊದಲು ಕೈಹಾಕುವುದು ಗೋಧಿ ಹಿಟ್ಟಿನ ಡಬ್ಬಕ್ಕೆ. ಸ್ವಲ್ಪ ತಡೆಯಿರಿ. ಆ ಡಬ್ಬ ಮನೆಯಿಂದ ಆಚೆ ಹೋಗುವ ಮುಂಚೆ ರಕ್ತಪರೀಕ್ಷೆ ಆಗಿರಬೇಕು. ಈ ಪಥ್ಯದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ಮುಖ್ಯ. ಕ್ರಮ ತಪ್ಪಿದರೆ ತಿಂಗಳುಗಟ್ಟಲೆ ಪಥ್ಯ ಮಾಡಿಯೂ ತಮಗೆ ಏನು ಕಾಯಿಲೆ ಎಂದು ತಿಳಿಯದೆ ಒದ್ದಾಡಬೇಕಾಗುತ್ತದೆ.

ಮೊದಲು ಪರೀಕ್ಷೆ, ಆಮೇಲೆ ಪಥ್ಯ

ಗ್ಲುಟೆನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇದೆಯೇ ಎಂದು ನೋಡುವ ಮೊದಲ ಪರೀಕ್ಷೆಯ ಹೆಸರು ಟಿಟಿಜಿ-ಐಜಿಎ. ಗ್ಲುಟೆನ್‌ಗೆ ಪ್ರತಿಯಾಗಿ ದೇಹ ತಯಾರಿಸುವ ಪ್ರತಿಕಾಯಗಳನ್ನು ಅದು ಅಳೆಯುತ್ತದೆ. ಗ್ಲುಟೆನ್ ತಿನ್ನುವುದನ್ನು ನಿಲ್ಲಿಸಿದರೆ ಪ್ರತಿಕಾಯಗಳೂ ಇಳಿಯುತ್ತವೆ, ಕಾಯಿಲೆ ಇದ್ದರೂ ವರದಿಯಲ್ಲಿ ಇಲ್ಲವೆಂದು ಬರಬಹುದು. ಹಾಗಾಗಿ ಪರೀಕ್ಷೆಗೆ ಮುಂಚೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿಯ ಪದಾರ್ಥ ಇರಬೇಕು. ಅದರ ಜೊತೆಗೇ ಒಟ್ಟು ಐಜಿಎ (ಪ್ರತಿಕಾಯದ ಒಂದು ಬಗೆ) ಪ್ರಮಾಣವನ್ನೂ ಅಳೆಯುವಂತೆ ಕೇಳಿ. ಕೆಲವರಲ್ಲಿ ಹುಟ್ಟಿನಿಂದಲೇ ಐಜಿಎ ಕಡಿಮೆ ಇರುತ್ತದೆ, ಅಂಥವರಿಗೆ ಮೊದಲ ಪರೀಕ್ಷೆಯೊಂದನ್ನೇ ನಂಬಿ ಕೂರುವಂತಿಲ್ಲ. ಪ್ರತಿಕಾಯ ಹೆಚ್ಚಿದ್ದರೆ ವೈದ್ಯರು ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ಮೊದಲ ಭಾಗದಿಂದ ಚೂರು ತೆಗೆದು ನೋಡುತ್ತಾರೆ. ಅದು ಮುಗಿಯುವವರೆಗೂ ಊಟ ಬದಲಿಸಬೇಡಿ.

ಆಗಲೇ ಬಿಟ್ಟಾಗಿದೆ ಎನ್ನುವವರಿಗೆ ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ಜೀನ್ ಪರೀಕ್ಷೆ ಇದೆ. ಏನು ತಿನ್ನುತ್ತಿದ್ದೀರಿ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡೂ ಇಲ್ಲವೆಂದಾದರೆ ಸೀಲಿಯಾಕ್ ಇಲ್ಲವೆಂದೇ ಹೆಚ್ಚುಕಡಿಮೆ ಖಾತ್ರಿ. ಇದ್ದರೆ ಮಾತ್ರ ಏನೂ ಸಾಬೀತಾಗದು, ಕಾಯಿಲೆಯಿಲ್ಲದ ಬಹಳಷ್ಟು ಜನರಲ್ಲೂ ಅವು ಇರುತ್ತವೆ. ಆಗ ವೈದ್ಯರ ನಿಗಾದಲ್ಲಿ ಕೆಲವು ವಾರ ಗ್ಲುಟೆನ್ ಮತ್ತೆ ತಿಂದು ಪರೀಕ್ಷೆ ಮಾಡಿಸಬೇಕಾಗುತ್ತದೆ.

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. ಗೋಧಿ ತಿಂದರೆ ಆಗಿಬರುವುದಿಲ್ಲ ಎನ್ನುವವರೆಲ್ಲರ ಕಾಯಿಲೆ ಒಂದೇ ಅಲ್ಲ. ಸೀಲಿಯಾಕ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಸುಮಾರು ನೂರರಲ್ಲಿ ಒಬ್ಬರಿಗೆ ಇರುವ ಈ ಕಾಯಿಲೆಗೆ ಜೀವನಪರ್ಯಂತ ಕಟ್ಟುನಿಟ್ಟಿನ ಪಥ್ಯ ಬೇಕು. ಗೋಧಿ ಅಲರ್ಜಿ ಬೇರೆಯೇ ಬಗೆ: ಮೈಮೇಲೆ ದದ್ದು, ತುಟಿ ಊತ, ಉಸಿರು ಕಟ್ಟುವುದು ನಿಮಿಷಗಳಲ್ಲೇ ಆಗಬಹುದು. ಉಸಿರು ಕಟ್ಟಿದರೆ ಮನೆಮದ್ದಿಗೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಇವೆರಡೂ ಇಲ್ಲದೆ ಹೊಟ್ಟೆ ಉಬ್ಬರಿಸುವವರೂ ಇದ್ದಾರೆ. ಅವರಲ್ಲಿ ಅನೇಕರಿಗೆ ತೊಂದರೆ ಕೊಡುವುದು ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಶರ್ಕರ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದು ಧಾರಾಳವಾಗಿದೆ. ಅಂಥವರಿಗೆ ಮುಂದೆ ಹೇಳುವ ಬಿಗಿ ಅಷ್ಟೂ ಬೇಕಿಲ್ಲ. ಇಲ್ಲಿಂದ ಮುಂದಿನದು ಸೀಲಿಯಾಕ್ ಖಚಿತವಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಯಾವ ಧಾನ್ಯ ಬೇಡ, ಯಾವುದು ಬೇಕು

ಗ್ಲುಟೆನ್ ಇರುವುದು ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ, ಮತ್ತು ಗೋಧಿ-ರೈ ಬೆರಕೆಯಾದ ಟ್ರಿಟಿಕೇಲ್‌ನಲ್ಲಿ. ಗೋಧಿ ಮಾತ್ರ ನಾನಾ ವೇಷದಲ್ಲಿ ಬರುತ್ತದೆ. ಮೈದಾ, ರವೆ, ಶಾವಿಗೆ, ಕುಸ್‌ಕುಸ್, ಬಲ್ಗರ್, ಪಾಸ್ತಾದ ಡ್ಯೂರಮ್, 'ಪುರಾತನ ಧಾನ್ಯ' ಎಂದು ಮಾರುವ ಸ್ಪೆಲ್ಟ್, ಕಾಮುಟ್, ಐನ್‌ಕಾರ್ನ್, ಎಮ್ಮರ್ ಎಲ್ಲವೂ ಗೋಧಿಯೇ. ಹಳೆಯ ತಳಿಯಲ್ಲಿ ಗ್ಲುಟೆನ್ ಇಲ್ಲ ಎನ್ನುವ ಮಾತು ಸುಳ್ಳು. ಹುಳಿ ಹಿಟ್ಟಿನಲ್ಲಿ ಹುದುಗಿಸಿದ ಗೋಧಿ ಬ್ರೆಡ್ ತಿನ್ನಬಹುದು ಎನ್ನುವುದೂ ಅಷ್ಟೇ ಅಪಾಯದ ಮಾತು.

ಅತ್ತ ಬಕ್‌ವೀಟ್ ಹೆಸರಿನಲ್ಲಿ 'ವೀಟ್' ಇದ್ದರೂ ಅದು ಗೋಧಿಯ ಜಾತಿಯೇ ಅಲ್ಲ, ತಿನ್ನಬಹುದು. 'ಗ್ಲುಟಿನಸ್ ರೈಸ್' ಎಂದರೆ ಅಂಟುವ ಅಕ್ಕಿ ಅಷ್ಟೇ, ಅದರಲ್ಲಿ ಗ್ಲುಟೆನ್ ಇಲ್ಲ. ಅಕ್ಕಿ, ಮೆಕ್ಕೆಜೋಳ, ಜೋಳ, ರಾಗಿ, ಸಜ್ಜೆ, ನವಣೆ, ಕಿನೋವಾ, ರಾಜಗಿರಿ, ಬೇಳೆಕಾಳು, ಆಲೂಗಡ್ಡೆ, ಗೆಣಸು ಎಲ್ಲ ಸಹಜವಾಗಿಯೇ ನಿರಪಾಯ. ಅಕ್ಕಿಯೊಂದನ್ನೇ ಮೂರು ಹೊತ್ತೂ ನೆಚ್ಚಿಕೊಳ್ಳಬೇಡಿ. ನೀರು, ಮಣ್ಣಿನಿಂದ ಆರ್ಸೆನಿಕ್ ಹೀರಿಕೊಳ್ಳುವ ಗುಣ ಅಕ್ಕಿಗೆ ಬೇರೆ ಧಾನ್ಯಗಳಿಗಿಂತ ಹೆಚ್ಚು, ನಾರೂ ಕಡಿಮೆ. ಧಾನ್ಯ ಬದಲಾಯಿಸುತ್ತಿದ್ದರೆ ಎರಡಕ್ಕೂ ಪರಿಹಾರ.

ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿಕೊಟ್ಟವರು ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. 1944-45ರ ಚಳಿಗಾಲದ ಕ್ಷಾಮದಲ್ಲಿ ಬ್ರೆಡ್ ಸಿಗದೆ ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ ಮರಳಿದಾಗ ಮತ್ತೆ ಹಾಸಿಗೆ ಹಿಡಿದರು. ಡಿಕ್ಕೆಯವರಿಗೆ ಮೊದಲೇ ಇದ್ದ ಅನುಮಾನ ಇದರಿಂದ ಗಟ್ಟಿಯಾಯಿತು. 1950ರಲ್ಲಿ ತಮ್ಮ ಪ್ರಬಂಧದಲ್ಲಿ ಅದನ್ನು ವಿವರವಾಗಿ ಮಂಡಿಸಿದರು. ಅಲ್ಲಿಯವರೆಗೆ ಈ ಮಕ್ಕಳ ಪಥ್ಯವೆಲ್ಲ ಕತ್ತಲಲ್ಲಿ ತಡಕಾಟವೇ ಆಗಿತ್ತು.

ಎಷ್ಟು ಕಡಿಮೆ ಎಂದರೆ ಕಡಿಮೆ?

ಸೀಲಿಯಾಕ್ ಇರುವ ಹೆಚ್ಚಿನವರ ಕರುಳು ದಿನಕ್ಕೆ ಸುಮಾರು 10 ಮಿಲಿಗ್ರಾಂ ಗ್ಲುಟೆನ್ ತಡೆದುಕೊಳ್ಳುತ್ತದೆ. ದಿನವೂ 50 ಮಿಲಿಗ್ರಾಂ ಒಳಹೋದರೆ ಮೂರು ತಿಂಗಳಲ್ಲೇ ಒಳಪದರ ಕೆಡುವುದು ಪರೀಕ್ಷೆಗಳಲ್ಲಿ ಕಂಡಿದೆ. ಈ 10 ಮಿಲಿಗ್ರಾಂ ಎಷ್ಟೆಂದು ಕಣ್ಣಿಗೆ ಕಾಣಬೇಕೆಂದರೆ ಒಂದು ಟೀ ಚಮಚ ಗೋಧಿ ಹಿಟ್ಟನ್ನು ಮಟ್ಟಮಾಡಿ ತಟ್ಟೆಗೆ ಸುರಿದು, ಇಪ್ಪತ್ತು-ಇಪ್ಪತ್ತೈದು ಪಾಲು ಮಾಡಿ. ಅದರಲ್ಲಿ ಒಂದು ಪಾಲು. ಬೆರಳ ತುದಿಗೆ ಮೆತ್ತಿಕೊಳ್ಳುವಷ್ಟು.

'ಗ್ಲುಟೆನ್ ರಹಿತ' ಎಂದು ಬರೆಯಲು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಅಂಥ ಆಹಾರವನ್ನು ಅರ್ಧ ಕಿಲೋ ತಿಂದರೂ 10 ಮಿಲಿಗ್ರಾಂ ದಾಟದು. ಆದರೆ ಬೆಣ್ಣೆ ಡಬ್ಬದಲ್ಲಿ ಸಿಕ್ಕಿಕೊಂಡ ನಾಲ್ಕಾರು ಬ್ರೆಡ್ ಚೂರು ಅದನ್ನು ಸುಲಭವಾಗಿ ದಾಟಿಸುತ್ತದೆ. ಗೋಧಿ ತಿನ್ನದಿದ್ದರೂ ಗುಣವಾಗುತ್ತಿಲ್ಲ ಎನ್ನುವವರ ಮನೆಯಲ್ಲಿ ಮೊದಲು ಹುಡುಕಬೇಕಾದದ್ದು ಈ ಚೂರುಗಳನ್ನು.

ಅಡುಗೆಮನೆ: ಒಂದು ದಿನ ಬಿಡುವು ಮಾಡಿಕೊಳ್ಳಿ

ಗ್ಲುಟೆನ್ ಒಂದು ಪ್ರೋಟೀನು, ರೋಗಾಣು ಅಲ್ಲ. ಕುದಿಸಿದರೆ, ಕರಿದರೆ, ಸ್ಯಾನಿಟೈಸರ್ ಹಾಕಿ ಒರೆಸಿದರೆ ಸಾಯುವಂಥದ್ದಲ್ಲ. ಅದು ಹೋಗುವುದು ಸೋಪು ಹಾಕಿ ಉಜ್ಜಿ, ನೀರಿನಲ್ಲಿ ತೊಳೆದಾಗ. ಸ್ಟೀಲ್, ಗಾಜು, ಪಿಂಗಾಣಿ ಪಾತ್ರೆಗಳನ್ನು ಎಸೆಯಬೇಕಿಲ್ಲ, ಚೆನ್ನಾಗಿ ತೊಳೆದರೆ ಸಾಕು. ಹೊಸದಾಗಿ ಬೇಕಾಗುವುದು ತೊಳೆದರೂ ಒಳಗಿನದು ಹೊರಬಾರದ ಸಾಮಾನುಗಳು: ಬಿರುಕುಬಿಟ್ಟ ಮರದ ಮಣೆ, ಲಟ್ಟಣಿಗೆ, ಮರದ ಸೌಟು, ಗೀರುಬಿದ್ದ ನಾನ್‌ಸ್ಟಿಕ್ ತವಾ, ಟೋಸ್ಟರ್.

ಎಲ್ಲಕ್ಕಿಂತ ಮೋಸ ಮಾಡುವುದು ಜರಡಿ. ಬೆಳಕಿಗೆ ಹಿಡಿದು, ಬಲೆಯೂ ಅಂಚಿನ ಪಟ್ಟಿಯೂ ಸೇರುವ ಸಂದಿಯನ್ನು ನೋಡಿ. ವರ್ಷಗಳಿಂದ ತೊಳೆದು ಒಣಗಿಸಿ ಗಟ್ಟಿಯಾದ ಹಿಟ್ಟಿನ ಬಿಳಿ ಗೆರೆ ಅಲ್ಲಿ ಸುತ್ತಲೂ ಇರುತ್ತದೆ. ಬ್ರಷ್ಷಿನ ಎಳೆಯೂ ಅಲ್ಲಿಗೆ ತಲುಪುವುದಿಲ್ಲ. ಆ ಜರಡಿಯಲ್ಲಿ ಅಕ್ಕಿ ಹಿಟ್ಟು ಸಾಣಿಸಿದಾಗಲೆಲ್ಲ ಹಳೆಯ ಗೋಧಿ ಒಂದಿಷ್ಟು ಉದುರುತ್ತದೆ. ಪಾಸ್ತಾ ಬಸಿಯುವ ತೂತಿನ ಪಾತ್ರೆಯದೂ ಇದೇ ಕಥೆ. ಈ ಎರಡನ್ನು ಮುಲಾಜಿಲ್ಲದೆ ಬದಲಿಸಿ.

ಮನೆಯಲ್ಲಿ ಬೇರೆಯವರು ಗೋಧಿ ತಿನ್ನುತ್ತಾರೆ ಎಂದಾದರೆ ಮೇಲಿನ ಕಪಾಟು ಪಥ್ಯದವರಿಗೆ, ಕೆಳಗಿನದು ಗೋಧಿಗೆ. ಉದುರುವುದು ಕೆಳಕ್ಕೇ ತಾನೆ? ಬೆಣ್ಣೆ, ಜಾಮ್‌ಗಳಿಗೆ ಬೇರೆ ಡಬ್ಬ ಇಟ್ಟು, ಮುಚ್ಚಳದ ಮೇಲೆ ಬಣ್ಣದ ಟೇಪು ಅಂಟಿಸಿ. ಸ್ಪಂಜು ಬೇರೆ ಇರಲಿ. ಅಡುಗೆಯಲ್ಲಿ ಪಥ್ಯದ್ದನ್ನು ಮೊದಲು ಮಾಡಿ ಮುಚ್ಚಿಟ್ಟು, ಆಮೇಲೆ ಗೋಧಿಯದನ್ನು ಮಾಡಿ. ಒಣ ಹಿಟ್ಟು ಗಾಳಿಯಲ್ಲಿ ಹಾರಿ ಬಹಳ ಹೊತ್ತು ತೇಲುತ್ತಿದ್ದು, ತೆರೆದಿಟ್ಟ ಪಾತ್ರೆಗಳ ಮೇಲೆ ಕೂರುತ್ತದೆ. ಗೋಧಿಯದನ್ನು ಕರಿದ ಎಣ್ಣೆಯಲ್ಲಿ ಬೇರೇನನ್ನೂ ಕರಿಯುವಂತಿಲ್ಲ.

ಹಿಟ್ಟಿನ ಗಿರಣಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೆ ಕಲ್ಲಿನ ಗೆರೆಗಳಲ್ಲಿ, ಕೊಳವೆಯಲ್ಲಿ, ಚೀಲದಲ್ಲಿ ಉಳಿದದ್ದು ನೇರ ನಿಮ್ಮ ಹಿಟ್ಟಿಗೆ ಬೀಳುತ್ತದೆ. ಮೊದಲ ಎರಡು ಸೇರು ಬೇರೆ ತೆಗೆದುಬಿಟ್ಟರೆ ಸರಿಹೋಗುತ್ತದೆ ಎನ್ನುವವರಿದ್ದಾರೆ, ಅದು ಸಾಲದು. ಧಾನ್ಯವನ್ನು ಇಡಿಯಾಗಿ ತಂದು, ತಟ್ಟೆಯಲ್ಲಿ ಹರಡಿ ಗೋಧಿ ಕಾಳು ಸೇರಿದೆಯೇ ಎಂದು ಆರಿಸಿ, ತೊಳೆದು ಒಣಗಿಸಿ, ಮನೆಯ ಪ್ರತ್ಯೇಕ ಯಂತ್ರದಲ್ಲಿ ಪುಡಿಮಾಡಿಕೊಳ್ಳುವುದು ಒಳ್ಳೆಯದು. ಇಲ್ಲವೇ ಗ್ಲುಟೆನ್ ರಹಿತ ಗುರುತಿನ ಪೊಟ್ಟಣ ತನ್ನಿ.

ಮೊದಲ ನಾಲ್ಕು ವಾರ ಸಾದಾ ಊಟ

ಶುರುವಿನಲ್ಲೇ ಗ್ಲುಟೆನ್ ಇಲ್ಲದ ಬಿಸ್ಕತ್ತು, ಕೇಕು, ಬ್ರೆಡ್ ಹುಡುಕಿಕೊಂಡು ಹೋಗಬೇಡಿ. ಅವುಗಳಲ್ಲಿ ಸ್ಟಾರ್ಚು, ಸಕ್ಕರೆ, ಕೊಬ್ಬು ಹೆಚ್ಚು, ನಾರು ಕಡಿಮೆ. ಪೆಟ್ಟು ತಿಂದ ಕರುಳಿಗೆ ಅದು ಆರೈಕೆಯಲ್ಲ. ಒಂದು ತಿಂಗಳು ಅನ್ನ, ಬೇಳೆ, ತರಕಾರಿ, ಹಣ್ಣು, ಮೊಟ್ಟೆ, ಮೀನು, ಮಸಾಲೆ ಸವರದ ಮಾಂಸ, ಏನೂ ಸೇರಿಸದ ಕಡಲೆಬೀಜ-ಬಾದಾಮಿ ಇವಿಷ್ಟರಲ್ಲೇ ಊಟ ಹೊಂದಿಸಿ. ಲೇಬಲ್ಲು ಇಲ್ಲದ ಊಟದಲ್ಲಿ ಓದಿ ತಪ್ಪುವ ಭಯವಿಲ್ಲ. ಇನ್ನೊಂದು ಅನುಕೂಲವೂ ಇದೆ: ಆಮೇಲೆ ಹೊಸ ಪದಾರ್ಥವೊಂದನ್ನು ಸೇರಿಸಿದಾಗ ಹೊಟ್ಟೆ ಕೆಟ್ಟರೆ ಕಾರಣ ತಟ್ಟನೆ ಗೊತ್ತಾಗುತ್ತದೆ.

ಈ ಹಂತದಲ್ಲಿ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವುದು ಸಾಮಾನ್ಯ. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂಥ ಚಾಚುಗಳಿವೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಹುಟ್ಟುವುದು ಅವುಗಳ ತುದಿಯಲ್ಲಿ. ಸೀಲಿಯಾಕ್‌ನಲ್ಲಿ ಮೊದಲು ಸವೆಯುವುದೂ ಆ ತುದಿಯೇ. ಕೆಲವು ವಾರ, ತಿಂಗಳು ಹಾಲು ಕಡಿಮೆ ಮಾಡಿ, ಮೊಸರು, ಗಟ್ಟಿ ಚೀಸ್ ತಡೆಯುತ್ತದೆಯೇ ನೋಡಿ. ಒಳಪದರ ಮತ್ತೆ ಬೆಳೆದ ಮೇಲೆ ಅನೇಕರಿಗೆ ಹಾಲು ಮತ್ತೆ ಒಗ್ಗುತ್ತದೆ.

ಮಲಬದ್ಧತೆ ಶುರುವಾದರೆ ಗೋಧಿಯ ನಾರು ಹೋದ ಜಾಗ ಖಾಲಿ ಇದೆ ಎಂದರ್ಥ. ಕಾಳು, ಸಿಪ್ಪೆ ಸಹಿತ ಹಣ್ಣು, ಸಿರಿಧಾನ್ಯಗಳನ್ನು ನಿಧಾನವಾಗಿ ಹೆಚ್ಚಿಸಿ, ನೀರೂ ಹೆಚ್ಚು ಕುಡಿಯಿರಿ. ಒಂದೇ ವಾರದಲ್ಲಿ ಎಲ್ಲ ಸುರಿದರೆ ಉಬ್ಬರ ಬಂದು, ಪಥ್ಯವೇ ಸರಿಯಿಲ್ಲವೇನೋ ಎಂಬ ಅನುಮಾನ ಹುಟ್ಟುತ್ತದೆ.

ಲೇಬಲ್ ಓದುವ ಬಗೆ

ಮೊದಲು ಮುಂಭಾಗದ 'ಗ್ಲುಟೆನ್ ರಹಿತ' ಗುರುತು ನೋಡಿ. ಇಲ್ಲದಿದ್ದರೆ ತಿರುಗಿಸಿ ಅಲರ್ಜಿ ಸೂಚನೆ, ಆಮೇಲೆ ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಿ. 'ಗೋಧಿ ರಹಿತ' ಎಂದರೆ ಗ್ಲುಟೆನ್ ರಹಿತ ಎಂದಲ್ಲ, ಬಾರ್ಲಿ ಇರಬಹುದು. ಎಲ್ಲ ದೇಶಗಳ ಅಲರ್ಜಿ ಸೂಚನೆಯಲ್ಲೂ ಬಾರ್ಲಿಯ ಹೆಸರು ಕಡ್ಡಾಯವಲ್ಲ.

ಬಾರ್ಲಿ ಅಡಗಿಕೊಳ್ಳುವ ಹೆಸರು ಮಾಲ್ಟ್. ಮಾಲ್ಟ್ ಸಾರ, ಮಾಲ್ಟ್ ವಿನಿಗರ್, ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳು, ಕಾರ್ನ್‌ಫ್ಲೇಕ್ಸ್‌ಗೆ ರುಚಿಗೆಂದು ಹಾಕುವ ಮಾಲ್ಟ್, ಬಿಯರ್ ಎಲ್ಲ ಬೇಡ. ಮಾಲ್ಟೋಡೆಕ್ಸ್‌ಟ್ರಿನ್ ಹೆಸರು ಕೇಳಿ ಮಾತ್ರ ಹೆದರಬೇಡಿ. ಅದಕ್ಕೂ ಮಾಲ್ಟಿಗೂ ಸಂಬಂಧವಿಲ್ಲ, ಅದು ಶುದ್ಧೀಕರಿಸಿದ ಸ್ಟಾರ್ಚಿನ ಪದಾರ್ಥ. ಗ್ಲೂಕೋಸ್ ಸಿರಪ್ ಕೂಡ ಆಗುತ್ತದೆ.

ಗೋಧಿ ಅಡಗುವ ಜಾಗಗಳು ಇನ್ನೂ ಹೆಚ್ಚು. ಸಾಮಾನ್ಯ ಸೋಯಾ ಸಾಸನ್ನು ಗೋಧಿ ಸೇರಿಸಿಯೇ ಹುದುಗಿಸುತ್ತಾರೆ. ಸೂಪ್ ಪುಡಿ, ಗಟ್ಟಿ ಸಾಸ್, ಸಾಸೇಜು, ಮಸಾಲೆ ಸವರಿದ ಚಿಪ್ಸ್, ಸಿಹಿ ತಿನಿಸುಗಳಲ್ಲಿ ಮಂದ ಬರಲು ಹಿಟ್ಟು ಹಾಕಿರಬಹುದು. ಪುಡಿ ಇಂಗನ್ನು ಅನೇಕ ತಯಾರಕರು ಗೋಧಿ ಹಿಟ್ಟು ಬೆರೆಸಿಯೇ ಮಾಡುತ್ತಾರೆ. ಮಾತ್ರೆಗಳಲ್ಲಿ ಬಳಸುವ ಸ್ಟಾರ್ಚು ಹೆಚ್ಚಾಗಿ ಮೆಕ್ಕೆಜೋಳದ್ದೇ, ಆದರೂ ದಿನವೂ ನುಂಗುವ ಮಾತ್ರೆಯಾದರೆ ಔಷಧಿ ಅಂಗಡಿಯಲ್ಲಿ ಒಮ್ಮೆ ವಿಚಾರಿಸಿ. ಮಕ್ಕಳು ಆಡುವ ಬಣ್ಣದ ಹಿಟ್ಟಿನ ಮುದ್ದೆಯಲ್ಲೂ ಗೋಧಿ ಇರುತ್ತದೆ, ಆಡಿದ ಕೈ ಬಾಯಿಗೆ ಹೋಗುವ ಮುಂಚೆ ಸೋಪಿನಲ್ಲಿ ತೊಳೆಸಿ. ತಯಾರಕರು ಪಾಕ ಬದಲಿಸುತ್ತಲೇ ಇರುತ್ತಾರಾದ್ದರಿಂದ ಹಳೆಯ ಪರಿಚಯದ ಪೊಟ್ಟಣವನ್ನೂ ಪ್ರತಿಸಲ ಓದಿ.

ಓಟ್ಸ್‌ನ ವಿಷಯ ಬೇರೆಯೇ. ಓಟ್ಸ್‌ನಲ್ಲಿ ಗ್ಲುಟೆನ್ ಇಲ್ಲ, ಅವೆನಿನ್ ಎಂಬ ಬೇರೆ ಪ್ರೋಟೀನು ಇದೆ. ಸೀಲಿಯಾಕ್ ಇರುವ ಹೆಚ್ಚಿನವರಿಗೆ ಅದು ಒಗ್ಗುತ್ತದೆ, ಕೆಲವೇ ಕೆಲವರಿಗೆ ಒಗ್ಗದು. ತೊಂದರೆ ಬರುವುದು ಹೊಲ, ಲಾರಿ, ಗಿರಣಿಗಳಲ್ಲಿ ಗೋಧಿ-ಬಾರ್ಲಿ ಬೆರೆಯುವುದರಿಂದ. ಲಕ್ಷಣಗಳು ತಣ್ಣಗಾಗುವವರೆಗೆ ಓಟ್ಸ್ ಮುಟ್ಟದಿರುವುದೇ ಕ್ಷೇಮ. ಆಮೇಲೆ ಗ್ಲುಟೆನ್ ರಹಿತ ಗುರುತಿರುವುದನ್ನು ಮಾತ್ರ, ದೊಡ್ಡವರಿಗೆ ದಿನಕ್ಕೆ 50 ಗ್ರಾಂ ಮೀರದಂತೆ, ವೈದ್ಯರಿಗೆ ತಿಳಿಸಿ ಶುರುಮಾಡಿ.

ರೊಟ್ಟಿ ಒಡೆಯುವುದೇಕೆ, ಬ್ರೆಡ್ ಕುಸಿಯುವುದೇಕೆ

ಗೋಧಿ ಹಿಟ್ಟನ್ನು ನಾದಿದಾಗ ಗ್ಲುಟೆನ್ ಬಲೆ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುತ್ತದೆ. ಬೇರೆ ಹಿಟ್ಟುಗಳಲ್ಲಿ ಆ ಬಲೆಯಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಲಟ್ಟಿಸುವಾಗ ಅಂಚೆಲ್ಲ ಸೀಳುತ್ತದೆ. ಉಪಾಯ ಕುದಿಯುವ ನೀರಿನದು: ಬಿಸಿಗೆ ಸ್ಟಾರ್ಚು ಅರಳಿ ಅಂಟಾಗುತ್ತದೆ, ಆ ಅಂಟೇ ಬಲೆಯ ಕೆಲಸ ಮಾಡುತ್ತದೆ. ಒಂದು ಅಳತೆ ಹಿಟ್ಟಿಗೆ ಸುಮಾರು ಒಂದು ಅಳತೆ ನೀರು, ಉಪ್ಪು, ಒಂದು ಚಮಚ ಎಣ್ಣೆ. ನೀರು ಮರಳುತ್ತಿರುವಾಗಲೇ ಮುಕ್ಕಾಲು ಪಾಲು ಸುರಿದು ಸೌಟಿನಿಂದ ಕಲಸಿ, ಮುಚ್ಚಿ 10 ನಿಮಿಷ ಬಿಡಿ. ಕೈ ತಾಳುವಷ್ಟು ಬಿಸಿಯಿರುವಾಗಲೇ ನುಣ್ಣಗೆ ನಾದಿ, ಬೇಕಾದರೆ ಉಳಿದ ನೀರು ಚಿಮುಕಿಸಿ. ಉಂಡೆಯನ್ನು ಬೆರಳಿನಿಂದ ಒತ್ತಿದಾಗ ಅಂಚು ಬಿರಿಯದಿದ್ದರೆ ಹದ ಬಂದಿದೆ. ಬಿರಿದರೆ ನೀರು ಸಾಲದು ಅಥವಾ ನೀರು ಕುದಿದಿರಲಿಲ್ಲ. ಪೂರ್ತಿ ಆರಿದ ಹಿಟ್ಟು ಮತ್ತೆ ಬಿರುಸಾಗುತ್ತದೆ, ಕಲಸಿದಷ್ಟನ್ನೂ ಆಗಲೇ ಬೇಯಿಸಿಬಿಡಿ.

ಬ್ರೆಡ್‌ಗೆ ಬಲೆಯ ಜಾಗದಲ್ಲಿ ಇಸಬ್ಗೋಲ್ ಸಿಪ್ಪೆ ಬೇಕು. ಲೋಟದ ಅಳತೆ ಇಲ್ಲಿ ನಡೆಯದು, ತೂಕ ಮಾಡಿ:

ಅಕ್ಕಿ ಹಿಟ್ಟು 200 ಗ್ರಾಂ
ಜೋಳದ ಹಿಟ್ಟು 100 ಗ್ರಾಂ
ಮರಗೆಣಸಿನ ಸ್ಟಾರ್ಚು 100 ಗ್ರಾಂ
ಇಸಬ್ಗೋಲ್ ಸಿಪ್ಪೆ 20 ಗ್ರಾಂ
ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ
ಸಕ್ಕರೆ 10 ಗ್ರಾಂ, ಉಪ್ಪು 8 ಗ್ರಾಂ
ಎಣ್ಣೆ 20 ಮಿಲಿಲೀಟರ್
ಉಗುರುಬೆಚ್ಚಗಿನ ನೀರು 400 ಮಿಲಿಲೀಟರ್

ನೀರಿಗೆ ಇಸಬ್ಗೋಲ್ ಉದುರಿಸಿ ಕೂಡಲೇ ಕಲಕಿ, 5-10 ನಿಮಿಷದಲ್ಲಿ ಗಟ್ಟಿ ಲೋಳೆಯಾಗುತ್ತದೆ. ಉಳಿದೆಲ್ಲ ಸೇರಿಸಿ, ಒಣ ಹಿಟ್ಟು ಕಾಣದಂತೆ ಕಲಸಿ. ಗೋಧಿಯಂತೆ ಅರ್ಧ ಗಂಟೆ ನಾದಿ ಪ್ರಯೋಜನವಿಲ್ಲ. ಹಿಟ್ಟು ಕೈಗೆ ಅಂಟುವಷ್ಟು ಮೆತ್ತಗಿರಬೇಕು. ಗಟ್ಟಿಯಾಗಿದ್ದರೆ ಬೆಂದ ಮೇಲೆ ಇಟ್ಟಿಗೆಯಾಗುತ್ತದೆ. ಎಣ್ಣೆ ಸವರಿದ ಅಚ್ಚಿಗೆ ಹಾಕಿ, ಒದ್ದೆ ಕೈಯಲ್ಲಿ ಮೇಲ್ಭಾಗ ಸಮಮಾಡಿ, ಬೆಚ್ಚಗಿನ ಜಾಗದಲ್ಲಿ ಒಮ್ಮೆ ಮಾತ್ರ ಉಬ್ಬಲು ಬಿಡಿ. ಒಂದೂವರೆ ಪಟ್ಟು ಆದೊಡನೆ ಒಲೆಗೆ ಇಡಿ. ಎರಡು ಪಟ್ಟು ಆಗಲೆಂದು ಕಾದರೆ ಗಾಳಿಯನ್ನು ಹಿಡಿದಿಡುವ ಶಕ್ತಿ ಸಾಲದೆ ಒಲೆಯೊಳಗೇ ನಡು ಕುಸಿಯುತ್ತದೆ.

200 ಡಿಗ್ರಿ ಸೆಲ್ಸಿಯಸ್‌ನಲ್ಲಿ 55-60 ನಿಮಿಷ ಬೇಯಲಿ, ನಡುವಿನ ಉಷ್ಣಾಂಶ 97 ಡಿಗ್ರಿಯ ಆಸುಪಾಸು ಬರಬೇಕು. ಅಚ್ಚಿನಿಂದ ತೆಗೆದು ಜಾಲರಿಯ ಮೇಲಿಟ್ಟು ಪೂರ್ತಿ ಆರುವವರೆಗೆ ಕತ್ತರಿಸಬೇಡಿ. ಬಿಸಿಯಲ್ಲಿ ಕೊಯ್ದರೆ ಒಳಗೆ ಅಂಟಂಟಾಗಿ, ಬೆಂದಿಲ್ಲವೆಂದು ತೋರುತ್ತದೆ. ಮರುದಿನಕ್ಕೆ ಬಿರುಸಾಗುವ ಗುಣ ಈ ಬ್ರೆಡ್ಡಿಗೆ ಹೆಚ್ಚು. ಆರಿದ ದಿನವೇ ಹೋಳು ಮಾಡಿ ಫ್ರೀಜರಿಗೆ ಹಾಕಿ.

ಹೊರಗೆ ಉಣ್ಣುವಾಗ

'ಗ್ಲುಟೆನ್ ಇದೆಯಾ?' ಎಂದು ಕೇಳಿದರೆ 'ಇಲ್ಲ' ಎನ್ನುವ ಉತ್ತರ ಸಲೀಸಾಗಿ ಬರುತ್ತದೆ, ಆ ಪದವೇ ಗೊತ್ತಿಲ್ಲದವರಿಂದಲೂ. ಬಿಡಿಸಿ ಕೇಳಿ. ಇದಕ್ಕೆ ಗೋಧಿ, ಮೈದಾ, ರವೆ, ಸೋಯಾ ಸಾಸ್ ಹಾಕಿದ್ದೀರಾ? ಕರಿದ ಎಣ್ಣೆ ಯಾವುದು? ಬೇಯಿಸಿದ ತವಾ, ಬಡಿಸುವ ಸೌಟು ಬೇರೆಯೇ? ಜನಸಂದಣಿ ಇಲ್ಲದ ಹೊತ್ತಿಗೆ ಹೋದರೆ ಅಡುಗೆಯವರೇ ಹೊರಬಂದು ಉತ್ತರಿಸುವಷ್ಟು ವ್ಯವಧಾನ ಇರುತ್ತದೆ. ಬಫೆಯಲ್ಲಿ ಚಮಚಗಳು ಪಾತ್ರೆಯಿಂದ ಪಾತ್ರೆಗೆ ಓಡಾಡುತ್ತವೆ, ಎಲ್ಲರಿಗಿಂತ ಮೊದಲು ಬಡಿಸಿಕೊಳ್ಳಿ. ಯಾರದೋ ಮನೆಗೆ ಊಟಕ್ಕೆ ಹೋಗುವಾಗ ಎರಡು ದಿನ ಮುಂಚೆಯೇ ಹೇಳಿ, ನಿಮ್ಮದೊಂದು ಡಬ್ಬಿ ಜೊತೆಗೆ ಒಯ್ಯಿರಿ. ತಟ್ಟೆಯ ಮುಂದೆ ಕೂತ ಮೇಲೆ ಹೇಳಿದರೆ ಇಬ್ಬರಿಗೂ ಇರುಸುಮುರುಸು.

ತಪ್ಪಿ ತಿಂದರೆ, ಮತ್ತು ಮುಂದಿನ ತಪಾಸಣೆ

ತಪ್ಪಿ ಒಳಹೋದ ಗ್ಲುಟೆನ್ ಅನ್ನು ಕರಗಿಸುವ ಮದ್ದು ಇಲ್ಲ. ಊಟಕ್ಕೆ ಮುಂಚೆ ನುಂಗುವ ಕಿಣ್ವದ ಮಾತ್ರೆ ಸೀಲಿಯಾಕ್ ಇರುವವರನ್ನು ಕಾಯುವುದಿಲ್ಲ, ಅದನ್ನು ನಂಬಿ ಗೋಧಿ ತಿನ್ನಬೇಡಿ. ವಾಂತಿ-ಭೇದಿಯಾದರೆ ನೀರು, ಉಪ್ಪು-ಸಕ್ಕರೆಯ ದ್ರಾವಣ ಕುಡಿದು, ಸಾದಾ ಊಟ ಮಾಡಿ ವಿಶ್ರಾಂತಿ ತೆಗೆದುಕೊಳ್ಳಿ. ಕೆಲವು ಗಂಟೆಗಳಿಂದ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಹಿಂದಿನ ದಿನ ತಿಂದದ್ದನ್ನೆಲ್ಲ ಬರೆದಿಡಿ, ಎರಡು-ಮೂರು ಸಲ ಬರೆದಾಗ ಕಳ್ಳ ಸಿಕ್ಕಿಬೀಳುತ್ತಾನೆ. ಕೆಲವರಿಗೆ ತಪ್ಪಿ ತಿಂದರೂ ಏನೂ ಅನಿಸುವುದಿಲ್ಲ. ಕರುಳಿಗೆ ಮಾತ್ರ ಪೆಟ್ಟು ಬೀಳುತ್ತಲೇ ಇರುತ್ತದೆ, ಆದ್ದರಿಂದ ಹೊಟ್ಟೆ ಸುಮ್ಮನಿದೆ ಎಂಬುದನ್ನು ಪರವಾನಗಿ ಎಂದು ತಿಳಿಯಬೇಡಿ.

ಶುರುವಿನಲ್ಲೇ ಕಬ್ಬಿಣ, ಫೋಲೇಟ್, ಬಿ12, ವಿಟಮಿನ್ ಡಿ ಅಳೆಯಿಸಿ. ಮೂಳೆಯ ಸಾಂದ್ರತೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಟಿಟಿಜಿ ಪರೀಕ್ಷೆಯನ್ನು 6 ತಿಂಗಳಿಗೆ, ವರ್ಷಕ್ಕೆ ಮತ್ತೆ ಮಾಡಿಸಿ. ಅಂಕಿ ಇಳಿಯುತ್ತಾ ಹೋಗಬೇಕು. ಇಳಿಯದಿದ್ದರೆ ಎಲ್ಲಿಂದಲೋ ಗ್ಲುಟೆನ್ ಸೇರುತ್ತಿದೆ, ಜರಡಿಯಿಂದ ಹಿಡಿದು ಗಿರಣಿಯವರೆಗೆ ಮತ್ತೆ ಹುಡುಕಿ. ಹೊಟ್ಟೆಯ ತೊಂದರೆ ಕೆಲವೇ ವಾರಗಳಲ್ಲಿ ತಗ್ಗಬಹುದು, ಆದರೆ ದೊಡ್ಡವರಲ್ಲಿ ಒಳಪದರ ಪೂರ್ತಿ ಮಾಗಲು ಎರಡು ವರ್ಷವೋ ಇನ್ನೂ ಹೆಚ್ಚೋ ಹಿಡಿಯುವುದುಂಟು. ಮೊಣಕೈ, ಮೊಣಕಾಲಿನ ಮೇಲೆ ತುರಿಸುವ ಗುಳ್ಳೆ ಏಳುವ ಬಗೆಯಲ್ಲಿ ಚರ್ಮ ಇನ್ನೂ ನಿಧಾನ.

ಅಪ್ಪ-ಅಮ್ಮ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುವ ಸಂಭವವಿದೆ, ಲಕ್ಷಣವೇ ಕಾಣದಿದ್ದರೂ. ಅವರಿಗೂ ರಕ್ತಪರೀಕ್ಷೆ ಮಾಡಿಸಿ. ನಿಮ್ಮ ಜೊತೆ ಅವರೂ ಪಥ್ಯದ ಊಟವನ್ನೇ ಉಣ್ಣುತ್ತಿದ್ದರೆ, ಪರೀಕ್ಷೆ ಆಗುವವರೆಗೆ ಅವರ ತಟ್ಟೆಗೆ ದಿನವೂ ಗೋಧಿ ಬೀಳುತ್ತಿರಲಿ.